ಇಂಟೀರಿಯರ್ ಡಿಸೈನ್‌ಗೆ ಯಾವ ಕೋರ್ಸ್ ಸೇರಬೇಕು? ಕೆಲಸ ಮಾಡಲು ಲೈಸೆನ್ಸ್ ಬೇಕೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಕಾಮರ್ಸ್‌ನಲ್ಲಿ ದ್ವಿತೀಯ ಪಿಯುಸಿ ಮುಗಿದಿದೆ, ಊರು ಶಿವಮೊಗ್ಗ. ಮುಂದೆ ಇಂಟೀರಿಯರ್ ಡಿಸೈನ್ ಓದುವ ಆಸೆ. ವಿಚಾರಿಸಿದಷ್ಟೂ ಗೊಂದಲ ಹೆಚ್ಚಾಗುತ್ತಿದೆ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯವರು ಒಂದು ವರ್ಷದ ಡಿಪ್ಲೊಮಾ ಸಾಕು, ಕೊನೆಗೆ ‘ಅಂತರರಾಷ್ಟ್ರೀಯ ಸರ್ಟಿಫಿಕೇಟ್’ ಕೊಡುತ್ತೇವೆ ಎನ್ನುತ್ತಾರೆ. ಇನ್ನು ಕೆಲವರು ಮೂರು ವರ್ಷದ ಬಿ.ಎಸ್ಸಿ. ಮಾಡು ಎಂದರೆ, ಮತ್ತೆ ಕೆಲವರು ನಾಲ್ಕು ವರ್ಷದ ಬಿ.ಡಿಸೈನ್ ಇಲ್ಲದೆ ಬೆಲೆಯಿಲ್ಲ ಎನ್ನುತ್ತಾರೆ. ಪಾಲಿಟೆಕ್ನಿಕ್, ಐಟಿಐಗಳಲ್ಲೂ ಇದೇ ವಿಷಯ ಇದೆಯಂತೆ.

ನನ್ನ ಪ್ರಶ್ನೆ ಇಷ್ಟು: ಓದು ಮುಗಿಸಿ ಸ್ವಂತವಾಗಿ ಕೆಲಸ ಹಿಡಿಯಲು ಸರ್ಕಾರದ ಲೈಸೆನ್ಸ್ ಅಥವಾ ನೋಂದಣಿ ಬೇಕೇ? ಬೇಡವಾದರೆ ಯಾವ ಕಾಗದಕ್ಕೆ ನಿಜವಾದ ಬೆಲೆ ಇದೆ? ಗಣಿತ ಓದದವರಿಗೆ ಯಾವ ಬಾಗಿಲು ಮುಚ್ಚಿರುತ್ತದೆ? ಮುಂದೊಂದು ದಿನ ಕೆನಡಾಗೆ ಹೋಗುವ ಯೋಚನೆ ಇದ್ದರೆ ಈಗಲೇ ಏನನ್ನು ಗಮನಿಸಬೇಕು?

ಸೂತ್ರಹಿಡಿ

ಮೊದಲು ಲೈಸೆನ್ಸ್ ವಿಚಾರ ಮುಗಿಸೋಣ, ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಭಾರತದಲ್ಲಿ ಇಂಟೀರಿಯರ್ ಡಿಸೈನರ್ ಆಗಿ ಕೆಲಸ ಮಾಡಲು ಯಾವ ಲೈಸೆನ್ಸೂ ಬೇಡ. ವಕೀಲರಿಗೆ ಬಾರ್ ಕೌನ್ಸಿಲ್ ಇದ್ದಂತೆ ಈ ವೃತ್ತಿಗೆ ಕಾನೂನಿನಿಂದ ರಚನೆಯಾದ ಮಂಡಳಿ ಇಲ್ಲ. ಹಾಗಾಗಿ ‘ಸರ್ಕಾರಿ ಲೈಸೆನ್ಸ್ ಕೊಡಿಸುತ್ತೇವೆ’ ಎಂದು ಯಾವುದಾದರೂ ಸಂಸ್ಥೆ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಇಲ್ಲದ ವಸ್ತುವನ್ನು ಯಾರೂ ಕೊಡಿಸಲಾರರು.

ಕಾನೂನು ಕಾಯುವುದು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ 37ನೇ ಕಲಂ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇಲ್ಲದವರು ಆ ಹೆಸರನ್ನು ಹಾಕಿಕೊಳ್ಳುವಂತಿಲ್ಲ. ಈ ಕಲಂ ತಡೆಯುವುದು ಹೆಸರಿನ ಬಳಕೆಯನ್ನು, ವಿನ್ಯಾಸದ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದ್ದರಿಂದ ವಿಸಿಟಿಂಗ್ ಕಾರ್ಡ್ ಮೇಲೆ ‘ಇಂಟೀರಿಯರ್ ಡಿಸೈನರ್’ ಎಂದು ಧಾರಾಳವಾಗಿ ಬರೆಸಿ, ‘ಇಂಟೀರಿಯರ್ ಆರ್ಕಿಟೆಕ್ಟ್’ ಎಂದು ಬರೆಸಬೇಡಿ. ಕೋರ್ಸಿನ ಹೆಸರಲ್ಲಿ ‘ಆರ್ಕಿಟೆಕ್ಚರ್’ ಎಂಬ ಪದ ಇದ್ದಮಾತ್ರಕ್ಕೆ ಆ ಹಕ್ಕು ಬರುವುದಿಲ್ಲ. ಹೊಸದಾಗಿ ಪಾಸಾದವರು ಹೆಚ್ಚಾಗಿ ಎಡವುವುದು ಇಲ್ಲೇ.

ಇನ್ನೊಂದು ಮಾತನ್ನು ಇದರ ಜೊತೆಯಲ್ಲೇ ಹೇಳಬೇಕು. ನಿಮಗೆ ಲೈಸೆನ್ಸ್ ಬೇಡವೆಂದರೂ ನಿಮ್ಮ ಕೆಲಸದೊಳಗೆ ಬರುವ ಕೆಲವು ಕೆಲಸಗಳಿಗೆ ಬೇಕೇ ಬೇಕು. ವೈರಿಂಗ್ ಕೆಲಸವನ್ನು ಕರ್ನಾಟಕದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು; ಪಾಯಿಂಟ್ ಎಲ್ಲೆಲ್ಲಿ ಬರಬೇಕೆಂಬ ನಕ್ಷೆ ನಿಮ್ಮದು, ವೈರಿಂಗ್‌ನ ಹೊಣೆ ಅವರದು. ಗೋಡೆ ಒಡೆಯುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಲಿಖಿತವಾಗಿ ಒಪ್ಪಬೇಕು. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದವು ಬಹಳ, ‘ಮೈವಾನ್’ ಎನ್ನುತ್ತಾರೆ. ಅಲ್ಲಿ ಗೋಡೆಯೇ ಕಬ್ಬಿಣ ಕಟ್ಟಿದ ಕಾಂಕ್ರೀಟು, ಭಾರ ಹೊರುವುದೂ ಅದೇ. ಇಟ್ಟಿಗೆ ಗೋಡೆಯಂತೆ ಅದರಲ್ಲಿ ಗ್ರೂವ್ ಕೊರೆದು ಪೈಪು ಇಳಿಸಲು ಹೋದರೆ ಕಬ್ಬಿಣಕ್ಕೆ ಏಟು ಬೀಳುತ್ತದೆ. ಅಂಥ ಮನೆಗೆ ಟಿವಿ ಪ್ಯಾನೆಲ್ಲನ್ನೋ ಮಂಚದ ತಲೆಹಲಗೆಯನ್ನೋ ಗೋಡೆಯಿಂದ 40–50 ಮಿ.ಮೀ. ಮುಂದೆ ತಂದು, ವೈರನ್ನು ಅದರ ಹಿಂದೆ ಓಡಿಸುವಂತೆ ನಕ್ಷೆ ಮಾಡಬೇಕು. ನೀವು ನೋಡುವ ಕೋರ್ಸಿನಲ್ಲಿ ಇಂಥದ್ದನ್ನು ಕಲಿಸುತ್ತಾರೋ ಇಲ್ಲವೋ ಎಂಬುದನ್ನು ತಿಳಿಯಿರಿ. ಗೋಡೆಗೆ ನೇತುಹಾಕುವ ಸರ್ಟಿಫಿಕೇಟಿನ ಸೀಲಿಗಿಂತ ಅದು ಮುಖ್ಯ.

ವೃತ್ತಿಯವರ ಸಂಘ ಅಂತ ಇರುವುದು ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಇಂಟೀರಿಯರ್ ಡಿಸೈನರ್ಸ್, ಐಐಐಡಿ. ಅದೂ ಶುರುವಾದದ್ದು 1972ರಲ್ಲೇ, ಮುಂಬೈಯಲ್ಲಿ. ಬೆಂಗಳೂರಿನಲ್ಲಿ ಶಾಖೆ ಇದೆ, ವಿದ್ಯಾರ್ಥಿ ಸದಸ್ಯತ್ವವೂ ಇದೆ. ಸದಸ್ಯರಾಗುವುದು ಕಡ್ಡಾಯವಲ್ಲ, ಅದು ಲೈಸೆನ್ಸೂ ಅಲ್ಲ. ಆದರೆ ಓದುವಾಗಲೇ ಸೇರಿಕೊಂಡರೆ ಕಾರ್ಖಾನೆ ಭೇಟಿ, ಉಪನ್ಯಾಸ, ಹಿರಿಯರ ಪರಿಚಯ ಸಿಗುತ್ತದೆ. ಕಾಮರ್ಸ್ ಓದಿ, ಈ ವೃತ್ತಿಯಲ್ಲಿ ಗುರುತಿನವರು ಯಾರೂ ಇಲ್ಲದೆ ಬರುವವರಿಗೆ ಇದು ದೊಡ್ಡ ಅನುಕೂಲ.

ಪಾಠದಮನೆ

ಸೂತ್ರಹಿಡಿಯವರು ಹೇಳಿದ್ದಕ್ಕೆ ಕೋರ್ಸುಗಳ ವಿಷಯ ಸೇರಿಸುತ್ತೇನೆ.

ಗಣಿತ ಇಲ್ಲದಿದ್ದರೆ ಮುಚ್ಚುವ ಬಾಗಿಲು ಬಿ.ಆರ್ಕ್. (ವಾಸ್ತುಶಿಲ್ಪ ಪದವಿ) ಮಾತ್ರ. ಅದಕ್ಕೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು, ಪ್ರವೇಶ ಪರೀಕ್ಷೆಯಾಗಿ ನಾಟಾ ಅಥವಾ ಜೆಇಇ ಎರಡನೇ ಪತ್ರಿಕೆ ಬರೆಯಬೇಕು, ಐದು ವರ್ಷ ಓದಬೇಕು. ಬಿ.ಡಿಸೈನ್‌ಗೆ ಸಾಮಾನ್ಯವಾಗಿ ಯಾವ ವಿಭಾಗದ ಪಿಯುಸಿಯಾದರೂ ನಡೆಯುತ್ತದೆ. ಅಹಮದಾಬಾದಿನ ಎನ್‌ಐಡಿಯಲ್ಲಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಫರ್ನಿಚರ್ ಮತ್ತು ಇಂಟೀರಿಯರ್ ಡಿಸೈನ್ ಎಂಬ ವಿಭಾಗವೇ ಇದೆ. ಅವರ ಡಿಎಟಿ ಪ್ರವೇಶ ಪರೀಕ್ಷೆ ಪ್ರಿಲಿಮ್ಸ್, ಮೇನ್ಸ್ ಎಂದು ಎರಡು ಹಂತ. ಅದೇ ಊರಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಇಂಟೀರಿಯರ್ ಪಾಠಕ್ಕೆ ಒಳ್ಳೆಯ ಹೆಸರಿದೆ. ನಮ್ಮಲ್ಲಿ ಬೆಂಗಳೂರಿನ ಸಂಯೋಜಿತ ಕಾಲೇಜುಗಳಲ್ಲಿ ಬಿ.ಎಸ್ಸಿ. ಇಂಟೀರಿಯರ್ ಡಿಸೈನ್ ಅಂಡ್ ಡೆಕೊರೇಷನ್ ಸಿಗುತ್ತದೆ.

ಕಡಿಮೆ ಖರ್ಚಿನ ದಾರಿಗಳನ್ನು ಜನ ಕಡೆಗಣಿಸುತ್ತಾರೆ, ನನಗೆ ಬೇಸರ ತರುವ ಸಂಗತಿ ಅದು. ತಾಂತ್ರಿಕ ಶಿಕ್ಷಣ ಇಲಾಖೆಯಡಿ ಕೆಲವು ಪಾಲಿಟೆಕ್ನಿಕ್‌ಗಳಲ್ಲಿ ಇಂಟೀರಿಯರ್ ಡೆಕೊರೇಷನ್ ಡಿಪ್ಲೊಮಾ ಇದೆ, ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ. ಐಟಿಐಯಲ್ಲಿ ‘ಇಂಟೀರಿಯರ್ ಡಿಸೈನ್ ಅಂಡ್ ಡೆಕೊರೇಷನ್’ ಒಂದು ವರ್ಷದ ಟ್ರೇಡ್. ಪಾಸಾದರೆ ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್, ಅಂದರೆ ಎನ್‌ಟಿಸಿ ಬರುತ್ತದೆ. ಸರ್ಕಾರಿ ಸಂಸ್ಥೆಯಾದರೆ ಇವುಗಳ ಶುಲ್ಕ ಖಾಸಗಿ ಡಿಪ್ಲೊಮಾದ ಹತ್ತಿರಕ್ಕೂ ಬರುವುದಿಲ್ಲ. ಒಂದು ವರ್ಷವೇ ಓದುವುದೆಂದು ತೀರ್ಮಾನಿಸಿದ್ದರೆ, ಯಾರೂ ಕೇಳಿಲ್ಲದ ‘ಅಂತರರಾಷ್ಟ್ರೀಯ’ ಕಾಗದಕ್ಕಿಂತ ದೇಶದ ಯಾವ ಮೂಲೆಯಲ್ಲೂ ಪರಿಶೀಲಿಸಬಹುದಾದ ಎನ್‌ಟಿಸಿ ಮೇಲು.

ಕಾಗದ ಯಾರದು ಎಂದು ನೋಡುವುದು ಹೀಗೆ. ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯಕ್ಕೆ, ಮತ್ತು ಕಾನೂನು ಆ ಅಧಿಕಾರ ಕೊಟ್ಟ ಎನ್‌ಐಡಿಯಂಥ ಸಂಸ್ಥೆಗಳಿಗೆ ಮಾತ್ರ. ‘ಬಿ.ಡಿಸೈನ್ ಕೊಡುತ್ತೇವೆ’ ಎಂದರೆ ಹಳೆಯ ವಿದ್ಯಾರ್ಥಿಯೊಬ್ಬರ ಅಂಕಪಟ್ಟಿಯ ನಕಲು ತೋರಿಸಿ ಎಂದು ಕೇಳಿ, ಅದರ ತಲೆಯ ಮೇಲೆ ಇರುವ ವಿಶ್ವವಿದ್ಯಾಲಯದ ಹೆಸರನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಲ್ಲಿ ಹುಡುಕಿ. ಬೇರೆ ರಾಜ್ಯದ ವಿಶ್ವವಿದ್ಯಾಲಯದ ಹೆಸರಿದ್ದು ಪಾಠ ಮಾತ್ರ ಬೆಂಗಳೂರಿನ ಬಾಡಿಗೆ ಮಹಡಿಯಲ್ಲಿ ನಡೆಯುತ್ತಿದ್ದರೆ ಎಚ್ಚರ. ಫ್ರಾಂಚೈಸಿ ಕೇಂದ್ರಗಳ ಮೂಲಕ ಪದವಿ ನಡೆಸುವುದನ್ನು ಯುಜಿಸಿ ಒಪ್ಪುವುದಿಲ್ಲ. ಕೌಶಲ ಪ್ರಮಾಣಪತ್ರವಾದರೆ ಕೌಶಲ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿವಿಇಟಿ ಮಾನ್ಯತೆ ಇದೆಯೇ, ಕೌಶಲದ ಮಟ್ಟ ಗುರುತಿಸುವ ರಾಷ್ಟ್ರೀಯ ಚೌಕಟ್ಟಾದ ಎನ್‌ಎಸ್‌ಕ್ಯೂಎಫ್‌ನ ಎಷ್ಟನೇ ಹಂತ ಎಂದು ಕೇಳಿ. ಈ ಎರಡಕ್ಕೂ ಉತ್ತರ ಬಾರದಿದ್ದರೆ ಅದು ಆ ಸಂಸ್ಥೆ ತಾನೇ ಅಚ್ಚು ಹಾಕಿಸಿದ ಕಾಗದ. ಅಂಥ ಕಾಗದ ಕೊಡುವುದು ಅಪರಾಧವಲ್ಲ, ಅಲ್ಲೂ ಒಳ್ಳೆಯ ಪಾಠ ನಡೆಯುತ್ತಿರಬಹುದು. ಆದರೆ ಮುಂದೆ ಸ್ನಾತಕೋತ್ತರ ಓದಿಗೋ, ವಿದೇಶಕ್ಕೋ, ಸರ್ಕಾರಿ ಹುದ್ದೆಗೋ ಅದು ಲೆಕ್ಕಕ್ಕೆ ಬರುವುದಿಲ್ಲ.

ಬಿ.ಎಸ್ಸಿ.ಯೋ ಬಿ.ಡಿಸೈನೋ ಎಂಬ ಪ್ರಶ್ನೆಗೆ ಹೆಸರು ನೋಡಿ ಉತ್ತರ ಹೇಳಲಾಗದು. ಪಠ್ಯಕ್ರಮ ತರಿಸಿಕೊಂಡು ವಾರಕ್ಕೆ ಸ್ಟುಡಿಯೊ (ವಿನ್ಯಾಸ ಮಾಡುತ್ತಲೇ ಕಲಿಯುವ ತರಗತಿ) ಎಷ್ಟು ಗಂಟೆ ಎಂದು ಎಣಿಸಿ. ವರ್ಕಿಂಗ್ ಡ್ರಾಯಿಂಗ್ (ಸೈಟಿನವರಿಗೆ ಅಳತೆ ಸಮೇತ ಬರೆದ ನಕ್ಷೆ), ಎಸ್ಟಿಮೇಟ್, ಸಾಮಗ್ರಿ ಇವು ಸ್ವತಂತ್ರ ವಿಷಯಗಳಾಗಿವೆಯೇ, ಕಚೇರಿ ತರಬೇತಿಗೆ ಪೂರ್ತಿ ಒಂದು ಸೆಮಿಸ್ಟರ್ ಬಿಟ್ಟಿದ್ದಾರೆಯೇ ನೋಡಿ. ಇವೆಲ್ಲ ಇರುವ ಬಿ.ಎಸ್ಸಿ., ಇವಿಲ್ಲದ ಬಿ.ಡಿಸೈನ್‌ಗಿಂತ ಖಂಡಿತ ಒಳ್ಳೆಯದು.

ಉಳಿಸುತ್ತಿಗೆ

ಮರಗೆಲಸದ ಕಡೆಯಿಂದ ಒಂದು ಮಾತು. ಡಿಸೈನರ್ ಕೈಯಿಂದ ಬರುವ ಚಿತ್ರ ಎಷ್ಟೇ ಚೆಂದ ಇರಲಿ, ಬಡಗಿಗೆ ಬೇಕಾದ್ದು ಅಳತೆ. ಒಂದು ಕೋರ್ಸ್ ಕಲಿಸಲೇಬೇಕಾದ್ದು ಏನು ಎಂಬುದಕ್ಕೆ ಒಂದೇ ವಾರ್ಡ್‌ರೋಬ್ ತೆಗೆದುಕೊಳ್ಳೋಣ.

ಅಗಲ 6 ಅಡಿ, ಎತ್ತರ 7 ಅಡಿ, ಆಳ 600 ಮಿ.ಮೀ. ನಡುವೆ ಒಂದು ಪಾರ್ಟಿಶನ್, ಐದು ಶೆಲ್ಫ್, ನಾಲ್ಕು ಬಾಗಿಲು, ಎಲ್ಲ 18 ಮಿ.ಮೀ. ಪ್ಲೈ. ಪುಸ್ತಕದ ಲೆಕ್ಕ ಹೀಗಾಗುತ್ತದೆ: ಎರಡು ಬದಿ ಮತ್ತು ಪಾರ್ಟಿಶನ್ ಸೇರಿ 42 ಚದರಡಿ, ಮೇಲೆ ಕೆಳಗೆ 24, ಶೆಲ್ಫ್‌ಗಳು ಸುಮಾರು 30, ಬಾಗಿಲು 42. ಒಟ್ಟು 138. ವೇಸ್ಟೇಜ್ ಶೇ. 15 ಸೇರಿಸಿದರೆ ಸುಮಾರು 159 ಚದರಡಿ. ಎಂಟು ಅಡಿ ನಾಲ್ಕು ಅಡಿಯ ಶೀಟು 32 ಚದರಡಿ, ಹಾಗಾಗಿ 5 ಶೀಟು ಎಂದು ಎಸ್ಟಿಮೇಟ್ ಹಾಕುತ್ತಾರೆ. ಸೈಟಿನಲ್ಲಿ 6 ಬೇಕಾಗುತ್ತದೆ. ಏಕೆಂದರೆ 7 ಅಡಿ ಉದ್ದದ ತುಂಡು ತೆಗೆದ ಮೇಲೆ ಉಳಿಯುವ ಒಂದು ಅಡಿ ಪಟ್ಟಿ ಯಾವ ಶೆಲ್ಫಿಗೂ ಸಾಲದು. ಒಂದೂವರೆ ಅಡಿ ಅಗಲದ ಎರಡು ಬಾಗಿಲು ಕತ್ತರಿಸಿದ ಶೀಟಿನಲ್ಲಿ ಉಳಿಯುವುದೂ ಒಂದೇ ಅಡಿ. ಶೀಟಿನ ಚೌಕ ಬರೆದು ಒಂದೊಂದೇ ತುಂಡನ್ನು ಕೂರಿಸಿ ನೋಡಿ, ಐದು ಶೆಲ್ಫಿನಲ್ಲಿ ಮೂರಕ್ಕೆ ಜಾಗ ಸಿಗುತ್ತದೆ, ಎರಡು ಆರನೇ ಶೀಟಿಗೆ ಹೋಗುತ್ತವೆ. ಹಿಂಬದಿಗೆ 6 ಮಿ.ಮೀ. ಪ್ಲೈ ಎರಡು ಶೀಟು ಬೇರೆ. ಒಂದು ವಾರ್ಡ್‌ರೋಬಿಗೆ ಒಂದು ಶೀಟು ತಪ್ಪಿದರೆ ಮೂರು ಬೆಡ್‌ರೂಮಿನ ಮನೆಗೆ ಎಷ್ಟು ತಪ್ಪುತ್ತದೆ ಎಂದು ನೀವೇ ಲೆಕ್ಕ ಹಾಕಿ. ಈ ಕಟಿಂಗ್ ಪಟ್ಟಿ ಹಾಕುವುದನ್ನು ಕಲಿಸದ ಕೋರ್ಸ್ ಎಸ್ಟಿಮೇಶನ್ ಕಲಿಸಿದಂತಲ್ಲ.

ಸಾಮಗ್ರಿ ಪಾಠವೂ ಹಾಗೆಯೇ. ‘ವಾಟರ್‌ಪ್ರೂಫ್ ಪ್ಲೈ’ ಎಂಬ ಮಾತಿಗೆ ಅರ್ಥವಿಲ್ಲ, ಐಎಸ್ (ಭಾರತೀಯ ಮಾನಕ) ನಂಬರ್ ಕೇಳಬೇಕು. ಐಎಸ್ 303 ಸಾಮಾನ್ಯ ಬಳಕೆಯದು, ಅದರಲ್ಲಿ ಎಂಆರ್ (ತೇವ ತಡೆಯುವುದು) ಮತ್ತು ಬಿಡಬ್ಲ್ಯುಆರ್ (ಕುದಿನೀರು ತಡೆಯುವುದು) ಎಂದು ಎರಡು ದರ್ಜೆ. ಐಎಸ್ 710 ಮರೀನ್ ಪ್ಲೈ. ಅದರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದು. ಸಿಂಕಿನ ಕೆಳಗಿನ ಡಬ್ಬಕ್ಕೆ 710 ಬೇಕು, ಟಿವಿ ಯೂನಿಟ್ಟಿಗೆ ಬೇಕಾಗಿಲ್ಲ. ಬಾಗಿಲಿನ ಹೊರಗೆ 1 ಮಿ.ಮೀ. ಲ್ಯಾಮಿನೇಟ್ ಹಚ್ಚಿ ಒಳಗೆ ಬರಿಯ ಪೇಂಟ್ ಹೊಡೆದರೆ ಬಾಗಿಲು ಬಿಲ್ಲಿನಂತೆ ಬಾಗುತ್ತದೆ, ಏಕೆಂದರೆ ಹೊರಗಿನ ಮುಖ ತೇವ ತೆಗೆದುಕೊಳ್ಳುವುದಿಲ್ಲ, ಒಳಗಿನದು ತೆಗೆದುಕೊಳ್ಳುತ್ತದೆ. ಒಳಗೂ 0.8 ಮಿ.ಮೀ. ಲ್ಯಾಮಿನೇಟ್ ಇದ್ದರೆ ಎರಡೂ ಕಡೆಯ ಎಳೆತ ಸಮವಾಗುತ್ತದೆ. ಏಳು ಅಡಿ ಬಾಗಿಲಿಗೆ ಎರಡು ಹಿಂಜ್ ಸಾಲದು, ನಾಲ್ಕು ಹಾಕಿಸಿ.

ತುಂಗಾತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಪಠ್ಯಕ್ರಮ ತರಿಸಿಕೊಂಡು ಗಂಟೆ ಎಣಿಸುವುದು ನನಗೆ ಹೊಳೆದೇ ಇರಲಿಲ್ಲ. ಎರಡು ಅನುಮಾನ ಉಳಿದಿವೆ. ಲೈಸೆನ್ಸ್ ಇಲ್ಲದ ವೃತ್ತಿಯಲ್ಲಿ ಕಚೇರಿಯವರು ಕೆಲಸಕ್ಕೆ ತೆಗೆದುಕೊಳ್ಳುವಾಗ ಏನನ್ನು ನೋಡುತ್ತಾರೆ, ಸಾಫ್ಟ್‌ವೇರ್ ಸರ್ಟಿಫಿಕೇಟೇ? ಸ್ವಂತವಾಗಿ ಮಾಡುವುದಾದರೆ ತೆರಿಗೆ, ಜಿಎಸ್‌ಟಿ ನೋಂದಣಿ ಯಾವಾಗ ಬೇಕು?

ಸೂತ್ರಹಿಡಿ

ಪೋರ್ಟ್‌ಫೋಲಿಯೊ ನೋಡುತ್ತಾರೆ, ಅದರಲ್ಲೂ ಬಣ್ಣದ ರೆಂಡರ್ (ಫೋಟೊದಂತೆ ಕಾಣುವ ಕಂಪ್ಯೂಟರ್ ಚಿತ್ರ) ಪುಟಗಳನ್ನು ಬೇಗ ತಿರುವಿ ವರ್ಕಿಂಗ್ ಡ್ರಾಯಿಂಗ್ ಇದೆಯೇ ಎಂದು ಹುಡುಕುತ್ತಾರೆ. ಹತ್ತು ಪ್ರಾಜೆಕ್ಟಿನ ಇಪ್ಪತ್ತು ರೆಂಡರ್‌ಗಿಂತ ಒಂದೇ ಅಡುಗೆಮನೆಯ ಪೂರ್ತಿ ಸೆಟ್ ಹೆಚ್ಚು ಮಾತಾಡುತ್ತದೆ.

ಆ ಸೆಟ್‌ನಲ್ಲಿ ಇರಬೇಕಾದದ್ದು: ಮೊದಲು ನೀವೇ ಅಳೆದ ನಕ್ಷೆ. ಗೋಡೆಯಿಂದ ಗೋಡೆಗೆ ಅಳತೆಯನ್ನು ನೆಲದ ಹತ್ತಿರ, ಸೊಂಟದ ಎತ್ತರದಲ್ಲಿ, ಮೇಲೆ ಎಂದು ಮೂರು ಕಡೆ ತೆಗೆಯಿರಿ. ಗಾರೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಕ್ಯಾಬಿನೆಟ್ಟಿಗೆ ಲೆಕ್ಕಕ್ಕೆ ಬರುವುದು ಮೂರರಲ್ಲಿ ಕಡಿಮೆಯದು. ಎರಡು ಕರ್ಣಗಳನ್ನೂ ಅಳೆಯಿರಿ. ಕರ್ಣದಲ್ಲಿ ವ್ಯತ್ಯಾಸ ಬಂದರೆ ಕೋಣೆ ಮೂಲೆಮಟ್ಟಕ್ಕಿಲ್ಲ ಎಂದು ಗೊತ್ತಾಗುತ್ತದೆ. ಕಿಟಕಿಯ ಸಿಲ್ ಎತ್ತರ, ಬೀಮ್ ಎಷ್ಟು ಇಳಿದಿದೆ, ನೀರಿನ ಪಾಯಿಂಟ್, ಗ್ಯಾಸ್ ಪೈಪು, ಸ್ವಿಚ್ ಬೋರ್ಡ್ ಎಲ್ಲ ಅದರಲ್ಲಿ ಬರಬೇಕು. ಬೀಮ್ ಅಳೆಯದೆ ಲಾಫ್ಟ್ ಬರೆದ ನಕ್ಷೆಯಿಂದ ಡಬ್ಬಗಳು ಸೈಟಿಗೆ ಬಂದು ವಾಪಸ್ ಹೋಗುವುದು ಈ ಕಸುಬಿನ ಹಳೆಯ ರೋಗ.

ಆಮೇಲೆ ಸೆಕ್ಷನ್, ಅಂದರೆ ಕತ್ತರಿಸಿ ಪಕ್ಕದಿಂದ ನೋಡಿದಂತೆ ಬರೆದ ನಕ್ಷೆ. ಕಟ್ಟೆಯ ಎತ್ತರ 850 ಎಂದು ಬರೆದರೆ ಸಾಲದು, ಅದು ಹೇಗೆ 850 ಆಯಿತು ಎಂದು ತೋರಿಸಬೇಕು: ಕೆಳಗೆ 110 ಮಿ.ಮೀ. ಕಾಲು, ಅದರ ಮೇಲೆ 720ರ ಡಬ್ಬ, ಮೇಲೆ 20ರ ಗ್ರಾನೈಟ್. ಅಡುಗೆ ಮಾಡುವವರು ಎತ್ತರದವರಾದರೆ ಕಾಲನ್ನು 150 ಮಾಡಿ, ಡಬ್ಬ ಮುಟ್ಟಬೇಡಿ. ಕಟ್ಟೆಗೂ ಮೇಲಿನ ಕ್ಯಾಬಿನೆಟ್ಟಿಗೂ ನಡುವೆ 600, ಕಟ್ಟೆಯ ಆಳ 600, ಮೇಲಿನ ಕ್ಯಾಬಿನೆಟ್ಟಿನ ಆಳ 300ರಿಂದ 350. ಹಾಬ್‌ನಿಂದ (ಕಟ್ಟೆಯಲ್ಲಿ ಕೂರಿಸಿದ ಒಲೆ) ಚಿಮಣಿಗೆ ಸಾಮಾನ್ಯವಾಗಿ 650ರಿಂದ 750, ಆದರೆ ಕೊನೆಯ ಮಾತು ಕಂಪನಿಯ ಕೈಪಿಡಿಯದು. ವಿದ್ಯುತ್ ನಕ್ಷೆಯಲ್ಲಿ ಓವನ್, ಡಿಶ್‌ವಾಷರ್‌ಗಳಿಗೆ 16 ಆಂಪಿಯರ್ ಪಾಯಿಂಟ್ ಬೇರೆ ಗುರುತಿಸಿರಬೇಕು. ಡಿಶ್‌ವಾಷರ್‌ನ ಸಾಕೆಟ್ಟನ್ನು ಅದರ ಬೆನ್ನ ಹಿಂದೆಯೇ ಕೊಟ್ಟರೆ ಯಂತ್ರ ಒಳಗೆ ಪೂರ್ತಿ ಕೂರುವುದಿಲ್ಲ. ಪಕ್ಕದ ಸಿಂಕ್ ಡಬ್ಬದೊಳಗೆ ಕೊಡಬೇಕು.

ಫಾಲ್ಸ್ ಸೀಲಿಂಗ್ ಸೇರಿಸುವುದಾದರೆ ಜಿಪ್ಸಮ್ ಬೋರ್ಡ್ 12.5 ಮಿ.ಮೀ., ಅದನ್ನು ಹೊರುವ ಲೋಹದ ಪಟ್ಟಿಗಳಲ್ಲಿ ಇಂಟರ್‌ಮೀಡಿಯೆಟ್ ಚಾನೆಲ್ 1200ಕ್ಕೊಂದು, ಸೀಲಿಂಗ್ ಸೆಕ್ಷನ್ 450ಕ್ಕೊಂದು ಎಂದು ಗ್ರಿಡ್ ಬರೆಯಿರಿ. ಫ್ಯಾನ್ ತೂಗುವುದು ಸ್ಲ್ಯಾಬಿನ ಹುಕ್ಕಿನಿಂದ, ಗ್ರಿಡ್‌ನಿಂದಲ್ಲ. ಅದು ನಕ್ಷೆಯಲ್ಲಿ ಕಾಣಬೇಕು. ಕೊನೆಯಲ್ಲಿ ಬಿಒಕ್ಯೂ, ಅಂದರೆ ಕೆಲಸ ಮತ್ತು ಸಾಮಗ್ರಿಯ ಪ್ರಮಾಣದ ಪಟ್ಟಿ. ಪ್ರತಿ ಸಾಲಿನಲ್ಲಿ ಸಾಮಗ್ರಿಯ ದರ್ಜೆ, ದಪ್ಪ, ಐಎಸ್ ನಂಬರ್, ಅಳೆಯುವ ಘಟಕ. ‘ವಾರ್ಡ್‌ರೋಬ್: 1’ ಎಂದು ಬರೆದ ಬಿಒಕ್ಯೂ ಮೇಲೆ ಜಗಳವೇ ಆಗುತ್ತದೆ. ಮುಂಭಾಗದ ಚದರಡಿಯೋ, ಲಾಫ್ಟ್ ಬೇರೆಯೋ, ಹಿಡಿಕೆ ಸೇರಿದೆಯೋ ಎಂಬುದನ್ನು ಬಿಡಿಸಿ ಬರೆಯಬೇಕು.

ಸಾಫ್ಟ್‌ವೇರ್ ಬೇಕು. ಆಟೋಕ್ಯಾಡ್ ಕೈಗೆ ಚೆನ್ನಾಗಿ ಕೂರಲಿ, ಜೊತೆಗೆ ಸ್ಕೆಚ್‌ಅಪ್. ದೊಡ್ಡ ವಾಣಿಜ್ಯ ಕಚೇರಿಗಳಿಗೆ ಹೋಗುವುದಾದರೆ ರೆವಿಟ್. ಮಾನ್ಯತೆಯ ಸಂಸ್ಥೆಯಲ್ಲಿ ಓದುವವರಿಗೆ ಆಟೋಡೆಸ್ಕ್ ವರ್ಷ ವರ್ಷ ನವೀಕರಿಸುವ ಉಚಿತ ಲೈಸೆನ್ಸ್ ಕೊಡುತ್ತದೆ, ಕದ್ದ ಪ್ರತಿ ಬಳಸುವ ಅಗತ್ಯವಿಲ್ಲ. ಸರ್ಟಿಫಿಕೇಟ್ ಇದ್ದರೆ ಸರಿ, ಆದರೆ ಬಹಳ ಕಡೆ ಅರ್ಧ ದಿನ ಕೂರಿಸಿ ಒಂದು ಬಾತ್‌ರೂಮಿನ ನಕ್ಷೆ ಬರೆಸುತ್ತಾರೆ. ಅಲ್ಲಿ ಸರ್ಟಿಫಿಕೇಟ್ ಕೆಲಸಕ್ಕೆ ಬರುವುದಿಲ್ಲ.

ಲೆಕ್ಕಪತ್ರ

ತೆರಿಗೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಈ ವೃತ್ತಿಗೆ ಮಂಡಳಿ ಇಲ್ಲದಿದ್ದರೂ ತೆರಿಗೆ ಕಾನೂನು ಇದನ್ನು ಎಂದೋ ಗುರುತಿಸಿದೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಎ ಕಲಂ ವಕೀಲಿ, ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪಗಳ ಸಾಲಿನಲ್ಲೇ ‘ಇಂಟೀರಿಯರ್ ಡೆಕೊರೇಷನ್’ ಅನ್ನು ಹೆಸರು ಹಿಡಿದು ಸೇರಿಸಿದೆ. ಇದರ ಪ್ರಯೋಜನ 44ಎಡಿಎ ಕಲಂನಲ್ಲಿದೆ: ವರ್ಷದ ವೃತ್ತಿ ಶುಲ್ಕ 50 ಲಕ್ಷ ರೂಪಾಯಿ ಒಳಗಿದ್ದರೆ ಅದರ ಅರ್ಧವನ್ನು ಆದಾಯ ಎಂದು ತೋರಿಸಿ ತೆರಿಗೆ ಕಟ್ಟಬಹುದು, ಪೂರ್ತಿ ಲೆಕ್ಕಪುಸ್ತಕ ಬೇಡ. ನಗದಾಗಿ ಬಂದದ್ದು ಶೇ. 5ನ್ನು ಮೀರದಿದ್ದರೆ ಮಿತಿ 75 ಲಕ್ಷ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಅದರಲ್ಲಿ ಕಲಂ ಸಂಖ್ಯೆಗಳು ಬೇರೆ. ಹಾಗಾಗಿ ರಿಟರ್ನ್ ಸಲ್ಲಿಸುವಾಗ ಹಳೆಯ ಸಂಖ್ಯೆ ಹಿಡಿದು ಹುಡುಕಬೇಡಿ.

ಜಿಎಸ್‌ಟಿ: ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಇಂಟೀರಿಯರ್ ವಿನ್ಯಾಸ ಸೇವೆಯ ಸಂಕೇತ 998391, ದರ ಶೇ. 18. ಇಲ್ಲಿ ಆಗುವ ತಪ್ಪು ಏನೆಂದರೆ, ಡಿಸೈನ್ ಶುಲ್ಕ ಎರಡು ಲಕ್ಷ ಮಾತ್ರ, ಮರಗೆಲಸದ 25 ಲಕ್ಷ ‘ಕೈ ದಾಟಿ ಹೋಗುವ ಹಣ’ ಎಂದು ನೋಂದಣಿ ಮಾಡಿಸದೆ ಇರುವುದು. ಆ 25 ಲಕ್ಷದ ಬಿಲ್ ನಿಮ್ಮ ಹೆಸರಿನಲ್ಲಿ ಹೋಗಿದ್ದರೆ ಅದು ನಿಮ್ಮದೇ ವಹಿವಾಟು. ಶುಲ್ಕ ಮಾತ್ರ ನಿಮ್ಮದಾಗಬೇಕಾದರೆ ಬಡಗಿ, ಪೇಂಟರ್, ಅಂಗಡಿಯವರು ಮನೆಯ ಮಾಲೀಕರಿಗೇ ನೇರ ಬಿಲ್ ಕೊಡಬೇಕು, ಹಣವೂ ಅವರಿಂದಲೇ ನೇರ ಹೋಗಬೇಕು. ಕಂಪನಿ ಗ್ರಾಹಕರು ಶುಲ್ಕದಲ್ಲಿ ಶೇ. 10 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿಯುತ್ತಾರೆ, ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಿ. ಇದಲ್ಲದೆ ರಾಜ್ಯದ ವೃತ್ತಿ ತೆರಿಗೆಗೆ ಹೆಸರು ನೋಂದಾಯಿಸಬೇಕು, ವರ್ಷಕ್ಕೆ 2,500 ರೂಪಾಯಿ.

ದೂರದೂರು

ಕೆನಡಾ ವಿಷಯ. ಇಲ್ಲಿ ಚಿತ್ರ ತಿರುಗುಮುರುಗು. ಒಂಟಾರಿಯೊ ಪ್ರಾಂತ್ಯದಲ್ಲಿ ‘ಇಂಟೀರಿಯರ್ ಡಿಸೈನರ್’ ಎಂಬ ಹೆಸರೇ ಕಾನೂನಿನ ರಕ್ಷಣೆಯಲ್ಲಿದೆ. ಎಆರ್‌ಐಡಿಒ ಎಂಬ ಸಂಸ್ಥೆಯಲ್ಲಿ ನೋಂದಾಯಿತರಾದವರಿಗೆ ಮಾತ್ರ ಅದು ಸಲ್ಲುತ್ತದೆ. ಭಾರತದಲ್ಲಿ ಹತ್ತು ವರ್ಷ ಆ ಹೆಸರಿನಲ್ಲೇ ಕೆಲಸ ಮಾಡಿದವರೂ ಬಂದ ದಿನವೇ ಹಾಗೆ ಕರೆದುಕೊಳ್ಳುವಂತಿಲ್ಲ. ಡೆಕೊರೇಟರ್ ಎಂಬ ಹೆಸರಿಗೆ ತಡೆಯಿಲ್ಲ.

ಅಮೆರಿಕ, ಕೆನಡಾ ಎರಡರಲ್ಲೂ ನಡೆಯುವ ಪರೀಕ್ಷೆ ಎನ್‌ಸಿಐಡಿಕ್ಯೂ. ಅದಕ್ಕೆ ಓದು ಮತ್ತು ಅನುಭವ ಎರಡೂ ಬೇಕು: ಪದವಿ ಇದ್ದವರಿಗೆ ಅದರಲ್ಲಿ ಕನಿಷ್ಠ 60 ಸೆಮಿಸ್ಟರ್ ಕ್ರೆಡಿಟ್ ಇಂಟೀರಿಯರ್ ಡಿಸೈನ್ ವಿಷಯದ್ದಾಗಿರಬೇಕು, ಜೊತೆಗೆ 3,520 ಗಂಟೆ ಕೆಲಸ, ಅಂದರೆ ಪೂರ್ಣಾವಧಿಯ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ. ಒಂದು ವರ್ಷದ ಖಾಸಗಿ ಡಿಪ್ಲೊಮಾ ಈ ಕ್ರೆಡಿಟ್ ಲೆಕ್ಕದ ಹತ್ತಿರವೂ ಬಾರದು. ‘ಅಂತರರಾಷ್ಟ್ರೀಯ ಸರ್ಟಿಫಿಕೇಟ್’ ಎಂದು ಹೇಳಿದವರನ್ನು, ಇದರಿಂದ ಎನ್‌ಸಿಐಡಿಕ್ಯೂ ಬರೆಯಲು ಅರ್ಹತೆ ಸಿಗುತ್ತದೆಯೇ ಎಂದು ಒಮ್ಮೆ ಕೇಳಿ ನೋಡಿ.

ಈಗಿನಿಂದಲೇ ಮಾಡಬೇಕಾದ್ದು ಒಂದೇ: ಕಾಗದ ಜೋಪಾನ ಮಾಡುವುದು. ಪ್ರತಿ ವಿಷಯದ ಪಠ್ಯವಿವರವನ್ನು ಕಾಲೇಜಿನ ಮೊಹರಿನೊಂದಿಗೆ ಓದುತ್ತಿರುವಾಗಲೇ ಪಡೆಯಿರಿ. ವಿದೇಶದಲ್ಲಿ ಅಂಕಪಟ್ಟಿಯ ಮೌಲ್ಯಮಾಪನಕ್ಕೆ ಅದು ಬೇಕಾಗಬಹುದು, ಆರು ವರ್ಷ ಕಳೆದ ಮೇಲೆ ಕಚೇರಿ ಗುಮಾಸ್ತರ ಹಿಂದೆ ಅಲೆಯಬೇಕಾಗುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಯಾರ ಮೇಲ್ವಿಚಾರಣೆಯಲ್ಲಿ, ಎಷ್ಟು ಗಂಟೆ, ಯಾವ ಬಗೆಯ ಕೆಲಸ ಎಂದು ತಿಂಗಳಿಗೊಮ್ಮೆ ಬರೆದಿಟ್ಟು ಸಹಿ ಹಾಕಿಸಿಕೊಳ್ಳಿ.

ಪಾಠದಮನೆ

ಇದೇ ಸಾಲಿನಲ್ಲಿ ಹಸಿರು ಕಟ್ಟಡದ ಸರ್ಟಿಫಿಕೇಟ್‌ಗಳ ಬಗ್ಗೆಯೂ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ. ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್‌ನ ಐಜಿಬಿಸಿ ಎಪಿ ಪರೀಕ್ಷೆ ಇದೆ. ಅಮೆರಿಕ ಮೂಲದ ಹಸಿರು ಕಟ್ಟಡ ಮಾನದಂಡವಾದ ಲೀಡ್‌ನಲ್ಲಿ ಮೊದಲ ಮೆಟ್ಟಿಲು ಗ್ರೀನ್ ಅಸೋಸಿಯೇಟ್, 100 ಪ್ರಶ್ನೆ, ಎರಡು ಗಂಟೆ, 200ಕ್ಕೆ 170 ಬರಬೇಕು. ಅದಾದ ಮೇಲೆ ಇಂಟೀರಿಯರ್‌ಗೆಂದೇ ಬೇರೆ ಪರೀಕ್ಷೆ ಇದೆ. ಕಂಪನಿಗಳ ಆಫೀಸ್ ಒಳಾಂಗಣ ಮಾಡುವ ಕಚೇರಿಗಳಲ್ಲಿ ಇವಕ್ಕೆ ಬೆಲೆ ಇದೆ. ಮನೆಗಳ ಕೆಲಸಕ್ಕೆ ಯಾರೂ ಕೇಳುವುದಿಲ್ಲ. ಓದು ಮುಗಿಯುವ ಮೊದಲು ಇದರ ಮೇಲೆ ಹಣ ಹಾಕಬೇಡಿ.

ತುಂಗಾತೀರ

ಆ ಖಾಸಗಿ ಸಂಸ್ಥೆಯವರು ಶನಿವಾರದೊಳಗೆ ಮುಂಗಡ ಕಟ್ಟಿದರೆ ಶುಲ್ಕದಲ್ಲಿ ರಿಯಾಯಿತಿ ಎನ್ನುತ್ತಿದ್ದಾರೆ. ಹೋಗಿ ಏನು ಕೇಳಲಿ?

ಸೂತ್ರಹಿಡಿ

ದುಡ್ಡು ಒಯ್ಯದೆ ಹೋಗಿ. ಕೋರ್ಸ್ ಮುಗಿಸಿದ ವಿದ್ಯಾರ್ಥಿಯೊಬ್ಬರ ವರ್ಕಿಂಗ್ ಡ್ರಾಯಿಂಗ್ ಮತ್ತು ಬಿಒಕ್ಯೂ ತೋರಿಸಿ ಎನ್ನಿ. ರೆಂಡರ್ ತೋರಿಸಿದರೆ ಮತ್ತೆ ಅದನ್ನೇ ಕೇಳಿ. ಸಾಮಗ್ರಿ ಕೋಣೆಗೆ ಕರೆದೊಯ್ಯಿರಿ ಎನ್ನಿ. ಕತ್ತರಿಸಿದ ಪ್ಲೈ, ಹಿಂಜ್, ಚಾನೆಲ್, ಎಡ್ಜ್ ಬ್ಯಾಂಡ್ ಕೈಯಲ್ಲಿ ಹಿಡಿದು ನೋಡುವಂತಿರಬೇಕು, ಕಂಪನಿಯ ಕ್ಯಾಟಲಾಗ್ ಮಾತ್ರ ಇದ್ದರೆ ಆಗದು. ಪಾಠ ಮಾಡುವವರಲ್ಲಿ ಈಗಲೂ ಸೈಟಿಗೆ ಹೋಗುವವರು ಎಷ್ಟು ಮಂದಿ, ವರ್ಷದಲ್ಲಿ ವಿದ್ಯಾರ್ಥಿಗಳನ್ನು ಸೈಟಿಗೆ ಎಷ್ಟು ಸಲ ಕರೆದೊಯ್ಯುತ್ತಾರೆ, ಸರ್ಟಿಫಿಕೇಟ್ ಮೇಲೆ ಯಾರ ಸಹಿ, ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್, ಸಾಫ್ಟ್‌ವೇರ್ ಮತ್ತು ಮಾಡೆಲ್ ಸಾಮಗ್ರಿಯ ಖರ್ಚು ಶುಲ್ಕದಲ್ಲಿ ಸೇರಿದೆಯೇ ಎಂಬುದನ್ನೆಲ್ಲ ಇಮೇಲ್‌ನಲ್ಲಿ ಬರೆದು ಕಳಿಸಿ ಎಂದು ಹೇಳಿ ಬನ್ನಿ. ಶನಿವಾರದೊಳಗೆ ಆ ಇಮೇಲ್ ಬಂದರೆ ಇಲ್ಲಿ ಹಾಕಿ, ಒಟ್ಟಿಗೆ ಓದಿ ನೋಡೋಣ.